ಟರ್ನರ್ ಮುನಿರತ್ನಮ್ಮ

ಚನ್ನಪಟ್ಟಣದ ಹೊರಗೆ, ಹಳೆಯ ರೇಷ್ಮೆಗೂಡಿನ ಗೋದಾಮಿನಲ್ಲಿ, ದಲಿತರ ಮಕ್ಕಳಿಗೆಂದೇ ಶುರುವಾದ ಐಟಿಐ ಅದು. ಊರವರ ಬಾಯಲ್ಲಿ ‘ಕೇರಿ ಐಟಿಐ’. ೧೯೯೯ರಲ್ಲಿ ಅಲ್ಲಿ ಕಬ್ಬಿಣ ಕಡೆಯುವ ಲೇತ್ ಕೆಲಸ, ಅಂದರೆ ಟರ್ನರ್ ಕೋರ್ಸು, ಕಲಿತು ಮುಗಿಸಿದ ಹನ್ನೆರಡು ಜನರಲ್ಲಿ ಅಕ್ಕೂರಿನ ಮುನಿರತ್ನಮ್ಮ ಒಬ್ಬಳೇ ಹುಡುಗಿ.

ಮೇಷ್ಟ್ರು ಗಂಗಹನುಮಯ್ಯ ಮೂರು ವರ್ಷ ಅಲೆದು, ಬಿಡದಿಯ ಕಾರ್ಖಾನೆಯೊಂದರ ಅಧಿಕಾರಿಯನ್ನು ಕರೆಸಿದ್ದರು. ಆತ ಸರ್ಟಿಫಿಕೇಟುಗಳನ್ನು ಬಿಚ್ಚಿಯೂ ನೋಡಲಿಲ್ಲ. ಹನ್ನೆರಡು ಫಾರಂ ಮೇಜಿನ ಮೇಲಿಟ್ಟ.

“ಎಲ್ಲರಿಗೂ ಕೆಲಸ ಇದೆ. ಹೌಸ್‌ಕೀಪಿಂಗ್.”

“ಅಂದ್ರೆ ಕಸ ಗುಡ್ಸೋದಾ ಸಾ?” ಮುನಿರತ್ನಮ್ಮ ಕೇಳಿದಳು.

“ಶುರುವಿಗೆ ಅಷ್ಟೇ.”

“ಪೊರಕೆ ಹಿಡಿಯೋದ್ನ ನಮ್ಮವ್ವನೇ ಕಲ್ಸವ್ಳೆ. ನಾನಿಲ್ಲಿಗೆ ಬಂದಿದ್ದು ಲೇತ್ ಕಲಿಯಾಕೆ.”

ಗಂಗಹನುಮಯ್ಯ ಅವಳನ್ನು ಪಕ್ಕಕ್ಕೆ ಕರೆದರು. “ಒಸಿ ತಡ್ಕಳವ್ವಾ. ಒಳೀಕೆ ಹೋದ್ಮೇಲೆ ದಾರಿ ಆಯ್ತದೆ.”

“ನಿಮ್ಗೆ ಆಯ್ತಾ ಸಾ?”

ಮೇಷ್ಟ್ರ ಮುಖ ಇಳಿಯಿತು. ಅವರೂ ಹಿಂದೆ ಕಸ ಗುಡಿಸಲೆಂದೇ ಕಾರ್ಖಾನೆಯೊಂದನ್ನು ಸೇರಿದವರು. ಕದ್ದು ನೋಡಿ ಲೇತ್ ಕಲಿತರೂ ಹನ್ನೊಂದು ವರ್ಷ ಅವರ ಕೈಯಿಂದ ಯಾರೂ ಪೊರಕೆ ಬಿಡಿಸಿರಲಿಲ್ಲ. ಮೇಷ್ಟ್ರು ಹೋಗಿ ಕಬ್ಬಿಣದ ಸರಳೊಂದನ್ನು ತಂದು ಅಧಿಕಾರಿಯ ಮುಂದಿಟ್ಟರು.

“ಅಳತೆ ನೀವೇ ಹೇಳಿ ಸಾರ್. ಈ ಮಗ ಮಾಡ್ತದೆ.”

ಆತ ಬೇಕೆಂದೇ ಕಷ್ಟದ ಅಳತೆ ಕೊಟ್ಟ. ಮುನಿರತ್ನಮ್ಮ ವೇಲು ತೆಗೆದಿಟ್ಟು, ಜಡೆ ಸುತ್ತಿ ಗಂಟು ಹಾಕಿ ಲೇತ್ ಮುಂದೆ ನಿಂತಳು. ನಲವತ್ತು ನಿಮಿಷ ಸರಳನ್ನು ಕಡೆದಳು. ಮಾಡಿ ಮುಗಿಸಿದ್ದನ್ನು ಆತ ಎರಡು ಸಲ ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ಚೆನ್ನಾಗಿದೆ. ಆದ್ರೆ ನಿಮಗೆ ಕೊಡೋಕೆ ನನ್ನ ಹತ್ರ ಇರೋದು ಇದೇ ಫಾರಂ.”

“ಹಂಗಾದ್ರೆ ವಾಪಸ್ ತಗಂಡೋಗಿ.”

ಹನ್ನೆರಡು ಜನರಲ್ಲಿ ಕೃಷ್ಣಪ್ಪ ಒಬ್ಬ ಮಾತ್ರ ಸಹಿ ಹಾಕಿದ. ಅವನ ಅಪ್ಪ ಹಾಸಿಗೆ ಹಿಡಿದಿದ್ದ. ಯಾರೂ ಅವನನ್ನು ಬೈಯಲಿಲ್ಲ. ಉಳಿದ ಹನ್ನೊಂದು ಫಾರಂ ಖಾಲಿಯಾಗಿಯೇ ಹಿಂದೆ ಹೋದವು.

ಆ ವಾರವೇ ಮೇಷ್ಟ್ರು ಆ ಸರಳನ್ನೂ, ಲೇತ್ ಕಲಿತವರಿಗೆ ಕಸ ಗುಡಿಸುವ ಕೆಲಸ ಕೊಟ್ಟರೆಂಬ ದೂರನ್ನೂ ಹಿಡಿದು, ಕಾರ್ಖಾನೆಗಳಲ್ಲಿ ತರಬೇತಿ ಕೆಲಸ ಕೊಡಿಸುವ ಬೆಂಗಳೂರಿನ ಸರ್ಕಾರಿ ಅಪ್ರೆಂಟಿಸ್ ಕಚೇರಿಗೆ ಹೋದರು; ಹನ್ನೊಂದು ಜನರೂ ಜೊತೆಗೆ ಹೋಗಿ ಬಾಗಿಲಲ್ಲಿ ಕೂತರು. ನಾಲ್ಕು ತಿಂಗಳಾದ ಮೇಲೆ ಕಾರ್ಖಾನೆ ಐದು ಜನ ಹುಡುಗರನ್ನು ಲೇತ್ ಕೆಲಸಕ್ಕೇ ಕರೆಯಿತು; ಉಳಿದ ಐವರು ಹುಡುಗರಿಗೆ ಸದ್ಯಕ್ಕೆ ಜಾಗ ಖಾಲಿ ಇಲ್ಲ ಎಂದಿತು. ಮುನಿರತ್ನಮ್ಮನಿಗೆ ಮಾತ್ರ, ಹೆಂಗಸರನ್ನು ಮಿಷನ್ ಮುಂದೆ ನಿಲ್ಲಿಸುವುದಿಲ್ಲ ಎಂಬ ಉತ್ತರ ಬಂತು.

ಎರಡು ದಿನ ಅತ್ತಳು. ಮೂರನೆಯ ದಿನ ರಾಮನಗರದ ನಜೀರ್ ಸಾಬರ ವರ್ಕ್‌ಶಾಪಿಗೆ ಹೋಗಿ, ಮೂಲೆಯಲ್ಲಿ ಕೆಟ್ಟು ನಿಂತಿದ್ದ ಲೇತ್ ತೋರಿಸಿ, “ಇದ್ನ ನಾನು ಓಡಿಸ್ತೀನಿ” ಎಂದಳು. ಸಾಬರು ಒಪ್ಪಿದರು; ಅವಳು ರಿಪೇರಿ ಮಾಡಿ ಓಡಿಸಿದಳು. ರೇಷ್ಮೆ ನೂಲು ಬಿಚ್ಚುವ ಮಿಷನ್ನುಗಳ ಚಕ್ರ ತಿರುಗಿಸುವ ಶಾಫ್ಟು ಮಾಡತೊಡಗಿದಳು.

ಮೊದಲ ಗಿರಾಕಿ ಬಾಗಿಲಲ್ಲೇ ನಿಂತ. “ಮೇಸ್ತ್ರಿ ಎಲ್ಲವ್ವಾ?”

“ನಾನೇ. ಏನಾಗ್ಬೇಕು ಯೋಳಿ.”

ಆತ ಅವಳನ್ನೂ ಲೇತನ್ನೂ ಒಂದು ಸಲ ನೋಡಿ, ಚೀಲದಿಂದ ಮುರಿದ ಶಾಫ್ಟು ಹೊರತೆಗೆದ.