ಕಿಟಕಿ ಪಕ್ಕದ ಕುರ್ಚಿ

ನನ್ನಕ್ಕ ಲೆಂಪಿಗೆ ಒಂದು ಚಟ. ಭಾನುವಾರ ಚರ್ಚ್ ಮುಗಿಯಿತೋ ಇಲ್ಲವೋ, ಡುಲೂತ್ ಊರಲ್ಲಿ ಮಾರಾಟಕ್ಕೆ ಬಾಗಿಲು ತೆರೆದಿಟ್ಟ ಮನೆಗಳನ್ನೆಲ್ಲ ಸುತ್ತಿ ಬರುತ್ತಾಳೆ. ಕೊಳ್ಳೋಕಲ್ಲ. ಕಪಾಟು ತೆಗೆದು ಇಣುಕೋದು, ತಟ್ಟೆಯಲ್ಲಿಟ್ಟ ಬಿಸ್ಕತ್ತು ತಿನ್ನೋದು, ಅಡುಗೆಮನೆ ಕಿಷ್ಕಿಂಧೆ ಅಂತ ಮೂಗು ಮುರಿಯೋದು.

ನನ್ನ ಮನೆಗೆ ಮಾತ್ರ ಒಂಬತ್ತು ವರ್ಷದಿಂದ ಕಾಲಿಟ್ಟಿಲ್ಲ. ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ನಮ್ಮಿಬ್ಬರಿಗೂ ಜಗಳ ಹತ್ತಿತು. ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸಬೇಕಿತ್ತು ಅಂತ ಅವಳು, ನಾನು ಸತ್ತಿದ್ದೆನಾ ಅಂತ ನಾನು. "ಇನ್ನು ನಿನ್ನ ಹೊಸಲು ತುಳಿದ್ರೆ ಕೇಳು, ಐಲಾ!" ಅಂತ ಕೋಟು ಹಾಕಿಕೊಂಡು ಹೋದವಳು ಹೋದಳು. ಇರೋದು ಇದೇ ಊರಲ್ಲಿ, ಗುಡ್ಡದ ಆಚೆ ಎಲ್ಲೋ. ಮನೆ ಬದಲಿಸಿದ್ದಾಳೆ, ಫೋನ್ ನಂಬರೂ ಬದಲಿಸಿದ್ದಾಳೆ. ನನಗೆ ಹೇಳೋರು ಯಾರು?

ಈ ವರ್ಷ ನನ್ನ ಮಂಡಿ ಕೈಕೊಟ್ಟಿತು. ಮೆಟ್ಟಿಲ ಮೇಲಿನ ಹಿಮ ಗೋರೋದು ಇನ್ನು ಆಗದ ಮಾತು, ಮನೆ ಮಾರಲೇಬೇಕು ಅಂತಾಯಿತು. ಆ ಬೇಜಾರಲ್ಲೇ ಒಂದು ಯೋಚನೆ ಹೊಳೆಯಿತು. ಅಕ್ಕ ತಂಗಿಯ ಮನೆಗೆ ಬರಲ್ಲ ಅಂದಿದ್ದಾಳೆ, ಸರಿ. ಮಾರಾಟದ ಮನೆಗೆ ಬರಲ್ಲ ಅಂದಿಲ್ಲವಲ್ಲ! ಬಂದರೆ ಸಾಕು. ಮನೆ ಎಷ್ಟಕ್ಕಾದರೂ ಹೋಗಲಿ, ಅಕ್ಕ ಒಂದು ಸಲ ಒಳಗೆ ಬರಲಿ.

ಕೈಯಲ್ಲಿ ಕಾಸು ಕಮ್ಮಿ, ಹಾಗಾಗಿ ಮೈ ಬಗ್ಗಿಸಿದೆ. ಒಂದೇ ಡಬ್ಬ ಬಣ್ಣದಲ್ಲಿ ಮುಂದಿನ ಕೋಣೆ ಮುಗಿಸಿದೆ. ಕಾರ್ಪೆಟ್ಟಿಗೆ ಅಡುಗೆ ಸೋಡಾ ಉದುರಿಸಿ ವಾಸನೆ ತೆಗೆದೆ. ಕಿಟಕಿ ಗಾಜಿಗೆ ವಿನಿಗರ್ ಹಾಕಿ ಹಳೆ ಪೇಪರಿನಿಂದ ಉಜ್ಜಿದೆ. ಹಳೆ ಸಾಮಾನಿನಂಗಡಿಯಿಂದ ಎರಡು ದಿಂಬು ತಂದೆ.

ಏಜೆಂಟ್ ಕೆಂಡ್ರಾ ಬಂದಳು. ಚುರುಕಿನ ಹುಡುಗಿ, ನಿಂತ ಕಡೆ ನಿಲ್ಲಲ್ಲ. "ಫೋಟೋ, ಮಾತ್ರೆ ಡಬ್ಬಿ, ಚಪ್ಪಲಿ ಎಲ್ಲ ಗ್ಯಾರೇಜಿಗೆ ಹಾಕಿ. ಬಂದೋರಿಗೆ ಇದು ತಮ್ಮದೇ ಮನೆ ಅನ್ನಿಸ್ಬೇಕು. ನಿಮ್ಮ ಗುರುತು ಎಲ್ಲೂ ಕಾಣಬಾರ್ದು."

"ಈ ಬೀದಿಯವರಿಗೇ ನನ್ನ ಗುರುತಿಲ್ಲ, ಬಿಡಮ್ಮ," ಅಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ.

ಕಿಟಕಿ ಪಕ್ಕದ ಅಮ್ಮನ ಕುರ್ಚಿಯನ್ನೂ ಮೂಲೆಗೆ ತಳ್ಳಿದಳು. ಹಾಗಿದ್ದರೆ ಕೋಣೆ ದೊಡ್ಡದಾಗಿ ಕಾಣುತ್ತಂತೆ.

ಭಾನುವಾರ ಅಮ್ಮನ ಹಾಗೆ ಹಿಟ್ಟನ್ನು ಜಡೆ ಹೆಣೆದು ಏಲಕ್ಕಿ ಬ್ರೆಡ್ ಬೇಯಿಸಿದೆ. "ಒಳ್ಳೇ ಘಮ, ಕೊಳ್ಳೋರು ಬಿಡಲ್ಲ," ಅಂದಳು ಕೆಂಡ್ರಾ. ಕೊಳ್ಳೋರು ಯಾರಿಗೆ ಬೇಕಿತ್ತು! ಮನೆಯವರು ಎದುರಿಗಿದ್ದರೆ ಜನ ಮುಜುಗರ ಪಡ್ತಾರೆ ಅಂತ ನನ್ನನ್ನೇ ಹೊರಗೆ ಕಳಿಸಿದಳು. ಮನೆ ಪಕ್ಕದ ಓಣಿಯಲ್ಲಿ ಕಾರು ನಿಲ್ಲಿಸಿಕೊಂಡು, ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಕೂತೆ. ಓಣಿಯ ಬಾಯಿಂದ ನನ್ನ ಮುಂಬಾಗಿಲು ಕಾಣುತ್ತಿತ್ತು. ಇಷ್ಟು ವರ್ಷ ಒಂದು ನಮಸ್ಕಾರ ಹೇಳದ ಎದುರು ಮನೆಯವರು ಸಂಸಾರ ಸಮೇತ ಒಳಗೆ ಹೋದರು. ಹೊಟ್ಟೆ ಉರಿದುಹೋಯಿತು.

ಆಮೇಲೆ ಒಂದು ನೀಲಿ ಕಾರು ಬಂತು. ಇಳಿದವಳು ಲೆಂಪಿ. ಬೆನ್ನು ಬಾಗಿತ್ತು, ಕೋಟು ಅದೇ.

ಅವಳ ಬಾಯಿ ತುಂಬ ಬ್ರೆಡ್ ಇರುವಾಗ ಹೋದರೆ ಜಗಳ ಆಡೋಕಾಗಲ್ಲ ಅಂತ ಸ್ವಲ್ಪ ತಡೆದೆ. ತಡೆದದ್ದೇ ತಪ್ಪಾಯಿತು. ಹಿಂಬಾಗಿಲಿಗೆ ಬಂದು, ಕಾರ್ಪೆಟ್ಟು ಕೊಳೆಯಾಗಬಾರದು ಅನ್ನೋ ಕೆಂಡ್ರಾಳ ಕಟ್ಟಪ್ಪಣೆಯಂತೆ ಶೂ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡು ಒಳಗೆ ಹೋದರೆ ಅಕ್ಕ ಇಲ್ಲ. ಅಮ್ಮನ ಕುರ್ಚಿ ಮತ್ತೆ ಕಿಟಕಿ ಪಕ್ಕದಲ್ಲಿದೆ.

"ಒಬ್ಬರು ವಯಸ್ಸಾದೋರು ಬಂದಿದ್ರು, ವಿಚಿತ್ರ," ಅಂದಳು ಕೆಂಡ್ರಾ. "ಕಪಾಟೆಲ್ಲ ತೆಗೆದು ನೋಡಿದ್ರು. ಕುರ್ಚಿನ ತಾವೇ ಎಳ್ಕೊಂಡು ಕೂತ್ಬಿಟ್ರು. 'ಕೊನೇಲಿ ತುಂಬ ಕಷ್ಟಪಟ್ಟಳಾ?' ಅಂತ ಕೇಳಿದ್ರು. ನಂಗೆ ತಲೆಬುಡ ತಿಳೀಲಿಲ್ಲ. ಮಾಲೀಕರ ವಿಷಯ ನಾವು ಹೇಳೋ ಹಾಗಿಲ್ಲ ಅಂದೆ. ಅಳ್ತಾ ಎದ್ದು ಹೋದ್ರು."

ಮಾತ್ರೆ ಡಬ್ಬಿ ಇಲ್ಲ, ಚಪ್ಪಲಿ ಇಲ್ಲ, ಗೋಡೆ ಮೇಲೆ ನಾನಿಲ್ಲ. ಅವಳು ಇನ್ನೇನು ಅಂದುಕೊಳ್ಳಬೇಕು? ಕಿಟಕಿಯಾಚೆ ನೀಲಿ ಕಾರು ಹೊರಡುತ್ತಿತ್ತು.

ಮಂಡಿಯೂ ಇಲ್ಲ, ಮಣ್ಣೂ ಇಲ್ಲ, ಓಡಿದೆ. ಚೀಲ ಮೆಟ್ಟಿಲ ಮೇಲೆ ಜಾರಿತು, ಕಂಬಿ ಹಿಡಿದು ಉಳಿದೆ. "ಲೆಂಪೀ! ಸತ್ತಿಲ್ಲ ಕಣೇ ನಾನು!" ಬೀದಿಯವರೆಲ್ಲ ತಿರುಗಿ ನೋಡಿದರು, ಅವಳೊಬ್ಬಳನ್ನು ಬಿಟ್ಟು. ತಿರುವಿನಲ್ಲಿ ಸ್ಟಾಪ್ ಫಲಕವಿದೆ, ಎಲ್ಲ ಕಾರೂ ನಿಲ್ಲಲೇಬೇಕು. ಲೆಂಪಿ ಮೊದಲಿಂದಲೂ ಅಲ್ಲಿ ಪೂರ್ತಿ ನಿಂತು, ಎಡಕ್ಕೆ ನೋಡಿ, ಬಲಕ್ಕೆ ನೋಡಿಯೇ ಹೋಗೋಳು. ಹಿಂದಕ್ಕೆ ನೋಡೋ ಅಭ್ಯಾಸ ಮಾತ್ರ ಅವಳಿಗಿಲ್ಲ.

ಕಾರಿನ ಬ್ರೇಕಿನ ಕೆಂಪು ದೀಪ ಆರಲಿಲ್ಲ. ಹತ್ತಿರ ಹೋದರೆ, ಸ್ಟೀರಿಂಗ್ ಮೇಲೆ ಹಣೆಯಿಟ್ಟು ಅಳುತ್ತಿದ್ದಾಳೆ. ಗಾಜು ಬಡಿದೆ.

ಅವಳು ತಲೆ ಎತ್ತಿದಳು. ಗಾಜು ಇಳಿಸಿದಳು. ನನ್ನ ಮುಖ ನೋಡಿದಳು, ಕಾಲಿನ ನೀಲಿ ಚೀಲ ನೋಡಿದಳು, ಮತ್ತೆ ಮುಖ ನೋಡಿದಳು. ಕೈ ಹೊರಗೆ ಚಾಚಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮನ ಕುರ್ಚಿನ ಮೂಲೆಗೆ ಹಾಕಿದ ಮುಠ್ಠಾಳಿ ಯಾರೇ?" ಅಂದಳು.