ಬಡ್ಡಿ ಕೇಳದ ಸಾಲ

ನನ್ನ ಗಂಡ ಹತ್ತಾರು ಜನರ ತೆರಿಗೆ ಲೆಕ್ಕ ಬರೆದುಕೊಡುವವರು. ತಾವು ಒಂದು ಕಾಸು ಹೆಚ್ಚು ತೆರಿಗೆ ಕಟ್ಟಿದರೂ ಆ ದಿನ ಅವರಿಗೆ ಊಟ ರುಚಿಸುವುದಿಲ್ಲ.

ಮನೆ ಕೊಂಡಾಗ ನಮಗೆ ಎರಡು ಸಾಲವಾಯಿತು. ಒಂದು ಬ್ಯಾಂಕಿನದು, ಇನ್ನೊಂದು ಅವರ ಅಕ್ಕನದು. ಅಕ್ಕ ಬಾಡಿಗೆ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದವರು. ಕೂಡಿಟ್ಟದ್ದನ್ನೆಲ್ಲ ತಮ್ಮನ ಕೈಗಿಟ್ಟು, "ಆದಾಗ ಕೊಡೋ. ಬಡ್ಡಿಗಿಡ್ಡಿ ಅಂದ್ರೆ ಕಿವಿ ಹಿಂಡ್ತೀನಿ" ಎಂದಿದ್ದರು.

ಆ ಮಾತೇ ಅವರಿಗೆ ಮುಳುವಾಯಿತು.

"ಬ್ಯಾಂಕಿನ ಕಂತು ತಪ್ಪಿಸೋ ಹಾಗಿಲ್ಲ. ಅಕ್ಕಂದು ಬಡ್ಡಿ ಇಲ್ಲದ ಸಾಲ ಕಣೇ, ಕೊನೆಗೆ ತೀರಿಸಿದ್ರಾಯ್ತು. ಅಲ್ಲೀವರೆಗೂ ಅವಳಿಗೆ ಕೊಡೋ ದುಡ್ಡು ತೆರಿಗೆ ಉಳಿಸೋ ಯೋಜನೇಲಿರ್ಲಿ. ತೆರಿಗೇನೂ ಉಳಿಯುತ್ತೆ, ದುಡ್ಡೂ ಬೆಳೆಯುತ್ತೆ" ಎಂದರು ಗಂಡ. ನಾನೇನು ಕಡಿಮೆಯವಳೇ? ಉಳಿದ ತೆರಿಗೆಯಲ್ಲಿ ದೊಡ್ಡ ಫ್ರಿಜ್ ಬಂತು, ಕೈಗೆ ಚಿನ್ನದ ಬಳೆ ಬಂತು. ವರ್ಷವರ್ಷವೂ ಹೂಂ ಅಂದೆ.

ಹೋದ ವರ್ಷ ಒಂದು ಭಾನುವಾರ ಅಕ್ಕ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಅಂಗಡಿಯ ಮಾಲೀಕ ಕೋಣೆ ಮಾರುತ್ತಿದ್ದ. ತಿಂಗಳೊಳಗೆ ಮುಂಗಡ ಕೊಟ್ಟರೆ ಅವರಿಗೇ, ಇಲ್ಲದಿದ್ದರೆ ಬೇರೆಯವರಿಗೆ.

"ಪೂರ್ತಿ ಬೇಡಪ್ಪ, ಅರ್ಧ ಆದ್ರೂ ಸಾಕು" ಎಂದರು.

ಗಂಡ ಮೊಬೈಲ್ ತೆಗೆದು ತೋರಿಸಿದರು. "ನೋಡಕ್ಕ, ನಿನ್ನ ದುಡ್ಡು ಎಷ್ಟು ಬೆಳೆದಿದೆ! ಆದ್ರೆ ಈಗ ತೆಗೆಯೋಕಾಗಲ್ಲ. ಗಡುವು ಮುಗಿದು ಹೋದ ತಿಂಗಳು ಕೈಗೆ ಬಂದಿತ್ತು. ಈ ವರ್ಷದ ತೆರಿಗೆಗೆ ಬೇಕಲ್ಲ ಅಂತ ಮತ್ತೆ ಹಾಕಿಬಿಟ್ಟೆ. ಇನ್ನು ಮೂರು ವರ್ಷ..."

ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣಗಾಯಿತು. ತಾವು ಏನು ಹೇಳುತ್ತಿದ್ದೇವೆಂದು ಆಗಷ್ಟೇ ಅವರಿಗೇ ಕೇಳಿಸಿರಬೇಕು.

"ಇರ್ಲಿ ಬಿಡೋ, ನಿಂಗೇನು ಗೊತ್ತಿತ್ತು" ಎಂದರು ಅಕ್ಕ.

ಬಳೆ ಅಡವಿಟ್ಟರೆ ಮುಂಗಡಕ್ಕೆ ಸಾಕಾಗುತ್ತಿತ್ತು. ಅದು ನನಗೆ ಹೊಳೆಯಲಿಲ್ಲ ಅಂದರೆ ನನ್ನ ನಾಲಿಗೆ ಸೇದಿಹೋಗಲಿ. ಹೊಳೆಯಿತು. ಹೊಳೆದ ಕೂಡಲೇ ಕೈಯನ್ನು ಮೇಜಿನ ಕೆಳಗೆ ಇಳಿಸಿದೆ. "ಇನ್ನೊಂದು ಲೋಟ ಕಾಫಿ ಕುಡೀರಿ ಅಕ್ಕ" ಎಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಕೋಣೆ ಒಬ್ಬ ಬಟ್ಟೆ ವ್ಯಾಪಾರಿಯ ಪಾಲಾಯಿತು. ಅಕ್ಕನ ಕೈಚಳಕ ಅವನಿಗೂ ಗೊತ್ತಿತ್ತು. ಅದೇ ಕೋಣೆಯಲ್ಲಿ, ಅದೇ ಕಿಟಕಿಯ ಪಕ್ಕ, ಈಗ ಅವರು ಸಂಬಳಕ್ಕೆ ಹೊಲಿಯುತ್ತಾರೆ. ಬಂದ ಗಿರಾಕಿಗಳು ಅವರ ಮುಖ ನೋಡಿ ನಕ್ಕು, ದುಡ್ಡನ್ನು ವ್ಯಾಪಾರಿಗೆ ಕೊಟ್ಟು ಹೋಗುತ್ತಾರೆ.

ಈ ವರ್ಷ ಗಂಡ ತೆರಿಗೆ ಉಳಿಸಲಿಲ್ಲ. ದುಡಿಮೆಯಲ್ಲಿ ಮಿಕ್ಕಿದ್ದನ್ನು ಮೊನ್ನೆ ಲಕೋಟೆಯಲ್ಲಿ ಹಾಕಿಕೊಂಡು ಇಬ್ಬರೂ ಹೋದೆವು. ಅಕ್ಕ ಹೊಲಿಗೆ ನಿಲ್ಲಿಸಿ, ಒಳಗೆ ಕೂತಿದ್ದ ವ್ಯಾಪಾರಿಯತ್ತ ಒಮ್ಮೆ ನೋಡಿ, ಹೊರಗೆ ಬಂದರು. ತಮ್ಮನನ್ನು ಮಾತಾಡಿಸಲೂ ಅವರು ಅಪ್ಪಣೆ ಕೇಳಬೇಕಾಗಿತ್ತು.

ಲಕೋಟೆ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ, ಕೋಪವೇನೂ ಇಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವರಂತೆ ಕೇಳಿದರು:

"ನಾನೂ ಬಡ್ಡಿ ಕೇಳಿದ್ದಿದ್ರೆ, ನನ್ನ ಸಾಲಾನೂ ಮೊದಲೇ ತೀರಿಸ್ತಿದ್ದೆ ಅಲ್ವೇನೋ?"