ಮೇಣ ಮುಚ್ಚಿದ ಬಾಟಲಿ

ಕಿಟಕಿ ತೆರೆದರೆ ಪುಕ್ಕಟೆ ಗಾಳಿ ಬರುತ್ತದೆ, ಅದನ್ನು ಬಿಟ್ಟು ಕೋಣೆಯಲ್ಲಿಡಲು ಬಾಟಲಿಯಲ್ಲಿ ಪರಿಮಳ ಕೊಂಡುಕೊಳ್ಳುತ್ತಾರಲ್ಲ ಎಂದು ಪೇಟೆಯವರ ಬುದ್ಧಿಗೆ ಕೆಂಪಿ ಮೊದಮೊದಲು ನಕ್ಕಿದ್ದೇ ನಕ್ಕಿದ್ದು. ಆದರೆ ಕಲ್ಲೂರಿನ ಸುಮತಿಯಮ್ಮನ ಹಿತ್ತಿಲಲ್ಲಿ ಅವಳಿಗೆ ಸಿಕ್ಕ ಕೂಲಿ ಅದೇ. ನೀರಿನಲ್ಲಿ ಕಡಲಪಾಚಿ ಕುದಿಸಿ ಕರಗಿಸಬೇಕು, ಕೆಡದಂತೆ ಉಪ್ಪು ಹಾಕಬೇಕು, ಒಲೆಯಿಂದ ಇಳಿಸಿ ಮಜ್ಜಿಗೆಹುಲ್ಲಿನ ಎಣ್ಣೆ ಬೆರೆಸಿ ಬಾಟಲಿಗೆ ಹೊಯ್ಯಬೇಕು. ಆರಿದರೆ ಹಲ್ವದ ಹಾಗೆ ಗಟ್ಟಿ. ಜೆಲಾಟಿನ್ ಹಾಕಿದರೆ ಸುಲಭ ಎಂದು ಬತ್ತೇರಿ ಪೇಟೆಯ ಅಂಗಡಿಯವನು ಹೇಳಿದ್ದಕ್ಕೆ ಸುಮತಿಯಮ್ಮ ಸಿಡುಕಿದ್ದರು.

“ಅದು ಎಲುಬಿಂದ ಮಾಡೋದು. ಜೈನರ ಒಲೆ ಮೇಲೆ ಎಲುಬೂ ಇಲ್ಲ, ಜೇನೂ ಇಲ್ಲ!”

ಕೆಂಪಿಯ ನಗು ನಿಂತದ್ದು ಗಂಡ ಬೊಮ್ಮನ್ ಜೈಲಿಗೆ ಹೋದ ಮೇಲೆ. ಭೂಮಿ ಕೊಡಿ ಎಂದು ಕಾಡಿನಲ್ಲಿ ಗುಡಿಸಲು ಹಾಕಿ ಕೂತವರನ್ನು ಎಬ್ಬಿಸಿದ ದಿನ ಪೊಲೀಸರು ಅವನನ್ನೂ ಹಿಡಿದೊಯ್ದರು. ಜೇನು ಕೀಳಲು ಮರದ ತುದಿಗೆ ಹತ್ತುತ್ತಿದ್ದವನು ಐದು ತಿಂಗಳಿಂದ ನಾಲ್ಕು ಗೋಡೆಯೊಳಗೆ. ಕಳೆದ ಸಲ ಹೋದಾಗ ಜಾಲರಿಯಾಚೆ ತಲೆ ತಗ್ಗಿಸಿಯೇ ನಿಂತಿದ್ದ.

“ಕಾಡಿನ ವಾಸ್ನೆನೇ ಮರ್ತೋಯ್ತು, ಕೆಂಪಿ. ಚೋರು ಒಂದು ತುತ್ತೂ ಗಂಟಲಲ್ಲಿ ಇಳೀತಿಲ್ಲ. ನೀನು ಇನ್ನು ಬರ್ಬೇಡ.”

ಬರಬೇಡ ಎಂದರೆ ಬಿಟ್ಟಾಳೆ? ಕಾಡನ್ನೇ ಬಾಟಲಿಗೆ ತುಂಬಿ ಒಯ್ಯುತ್ತೇನೆಂದು ಹಟ ತೊಟ್ಟಳು. ಹೋದ ವರ್ಷ ಅವನು ಕಿತ್ತ ಜೇನಿನ ಮೇಣದ ಒಂದು ಉಂಡೆ ಅವಳ ಬಳಿ ಉಳಿದಿತ್ತು. ಅದಕ್ಕೆ ಇನ್ನೂ ಹೊಗೆಯ ವಾಸನೆ. ಸುಮತಿಯಮ್ಮನ ಪಾತ್ರೆಗೆ ಅದನ್ನು ಹಾಕಿ ಅವರ ಶುದ್ಧಿ ಕೆಡಿಸುವ ಮನಸ್ಸು ಅವಳಿಗಿಲ್ಲ, ಅವರೊಡನೆ ಜೇನಿನ ಮಾತೆತ್ತುವ ಧೈರ್ಯವೂ ಇಲ್ಲ. ಹಿಡಿ ಕಡಲಪಾಚಿ, ನಾಲ್ಕು ಹನಿ ಎಣ್ಣೆ ಕೇಳಿ ತಂದು ತನ್ನ ಗುಡಿಸಲಿನ ಮೂರು ಕಲ್ಲಿನ ಮೇಲೆ ಕುದಿಸಿ, ಮೇಣವನ್ನೂ ಹಾಕಿ ಬಾಟಲಿಗೆ ಹೊಯ್ದಳು.

ಆರಿದ ಮೇಲೆ ಮೂಗಿಗೆ ಹಿಡಿದರೆ ಯಾವ ವಾಸನೆಯೂ ಇಲ್ಲ. ಕರಗಿದ ಮೇಣ ಮೇಲೆ ತೇಲಿ, ಹಳದಿ ಪೊರೆಯಾಗಿ ಬಾಟಲಿಯ ಬಾಯಿ ಮುಚ್ಚಿಬಿಟ್ಟಿತ್ತು. ಪಾಪ, ಅವಳಿಗೆ ಅದು ಹೊಳೆಯಲಿಲ್ಲ. ಇದ್ದ ಒಂದೇ ಉಂಡೆಯೂ ಹಾಳಾಯಿತೆಂದು ಅತ್ತಳು. ಆದರೂ ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ಜೈಲಿನ ಬಾಗಿಲಲ್ಲಿ ಕಾವಲುಗಾರ ಮಾಧವನ್ ತಡೆದ. ಒಳಗೆ ಏನೋ ಬಚ್ಚಿಟ್ಟಿದ್ದಾಳೆಂದು ಚಾಕು ತೆಗೆದು ಚುಚ್ಚಿದ. ಪೊರೆ ಬಿರಿಯಿತು. ಹೊಗೆ, ಜೇನು, ಬಿಸಿಲಿಗೆ ಬೆಂದ ಹುಲ್ಲು, ಎಲ್ಲ ಒಟ್ಟಿಗೇ ಎದ್ದು ಬಂದವು. ಕೆಂಪಿಯ ಕಣ್ಣು ತುಂಬಿತು.

“ಸಾರೇ, ಒಂದು ಸಲ ಅವ್ನಿಗೆ ಮೂಸೋಕೆ ಕೊಡಿ.”

“ಒಳಗೆ ಕೊಡುವ ಹಾಗಿಲ್ಲ” ಎಂದು ಅವನು ಬಾಟಲಿಯನ್ನು ತನ್ನ ಕೋಣೆಯ ಮೇಜಿನ ಮೇಲೆ, ಫ್ಯಾನಿನ ಕೆಳಗೆ ಇಟ್ಟುಕೊಂಡ. ಕೊಡಲಾಗದ್ದನ್ನು ಹೇಳಿ ಆಸೆ ಹುಟ್ಟಿಸುವುದೇಕೆಂದು ಕೆಂಪಿ ಬೊಮ್ಮನ್‌ಗೆ ಬಾಟಲಿಯ ಸುದ್ದಿ ಹೇಳಲೇ ಇಲ್ಲ.

ಮುಂದಿನ ತಿಂಗಳು ಹೋದಾಗ ಬಾಟಲಿ ಅಲ್ಲೇ ಇತ್ತು. ಒಳಗಿನದು ಒಣಗಿ ಅಡಕೆಯಷ್ಟಾಗಿತ್ತು.

“ನಿನ್ನ ಗಂಡನಿಗೆ ಏನಾಗಿದೆ?” ಎಂದು ಮಾಧವನ್ ಕೇಳಿದ. “ದಿನಾ ಬೆಳಿಗ್ಗೆ ಈ ಕೋಣೆ ಗುಡಿಸಲು ತಾನೇ ಕೇಳಿಕೊಂಡು ಬರುತ್ತಾನೆ. ಈ ಮೇಜಿನ ಬುಡವನ್ನೇ ಗುಡಿಸುತ್ತಾ ನಿಲ್ಲುತ್ತಾನೆ. ಈಗ ಊಟವನ್ನೂ ಮಾಡುತ್ತಾನೆ.” ಆಮೇಲೆ ಬಾಟಲಿಯತ್ತ ನೋಡಿ ದನಿ ತಗ್ಗಿಸಿದ. “ಇನ್ನೊಂದು ತಂದಿದ್ದೀಯಾ?”

ಕೆಂಪಿ ಇಲ್ಲವೆಂದು ತಲೆಯಾಡಿಸಿದಳು.

“ಮೇಣ ಇಲ್ಲ, ಸಾರೇ. ಜೇನು ಕೀಳೋನು ನಿಮ್ಮ ಒಳಗೇ ಇದ್ದಾನಲ್ಲ.”